ಫಣಿಯಮ್ಮನನ್ನು ದೇವತೆ ಮಾಡಿದವರು ಯಾರು?

ಈ ಪುಟದಲ್ಲಿ ಊರಿಗೆ ಹೋಗಿಬಂದವರು ತಂದ ಹೊಸ ಪುಸ್ತಕಗಳ ಬಗ್ಗೆ ಬರೆಯುವುದು ನಮ್ಮ ವಾಡಿಕೆ. ಈ ಸಲ ಹಾಗೆ ಮಾಡದೆ, ನಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿ ಈಗಾಗಲೇ ಇರುವ, ಒಮ್ಮೆ ಓದಿ ಕಣ್ಣೊರೆಸಿಕೊಂಡು ಮತ್ತೆ ಅಲ್ಲಿಯೇ ಇಟ್ಟಿರುವ ಒಂದು ಹಳೆಯ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದೇವೆ. ಅದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. 1983ರಲ್ಲಿ ಪ್ರೇಮಾ ಕಾರಂತರ ನಿರ್ದೇಶನದಲ್ಲಿ ಸಿನಿಮಾ ಆಗಿ ತೆರೆಗೆ ಬಂತು. 1989ರಲ್ಲಿ ತೇಜಸ್ವಿನಿ ನಿರಂಜನ ಅವರು ಮಾಡಿದ ಇಂಗ್ಲಿಷ್ ಅನುವಾದವೂ ಹೊರಬಂದಿತು. ಹೀಗಾಗಿ ಕನ್ನಡ ಮಾತಾಡಬಲ್ಲ ಆದರೆ ಓದಲಾರದ ನಮ್ಮ ಮಕ್ಕಳಿಗೂ ಇದು ಎಟುಕದ ಪುಸ್ತಕವೇನಲ್ಲ.

ಈ ಕಾದಂಬರಿಯನ್ನು ಓದಿ ಮುಗಿಸಿದವರನ್ನು ಕೇಳಿ ನೋಡಿ. ಬಹಳ ಮಂದಿ ಹೇಳುವ ಮಾತು ಒಂದೇ: "ಎಂಥ ಮಹಾತಾಯಿ! ದೇವತೆಯಂಥ ಹೆಂಗಸು!" ನಮ್ಮ ತಕರಾರು ಇರುವುದು ಪುಸ್ತಕದ ಮೇಲಲ್ಲ, ಈ ಮಾತಿನ ಮೇಲೆ.

ಮೊದಲು ಲೇಖಕಿಯ ಬಗ್ಗೆ ಎರಡು ಮಾತು. ಇಂದಿರಾ 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಶಾಲೆಯ ಓದು ಹೆಚ್ಚಿನದಲ್ಲ. ಸಂಸಾರದ ಜವಾಬ್ದಾರಿಗಳ ನಡುವೆ ನಲವತ್ತು ದಾಟಿದ ಮೇಲೆ ಬರವಣಿಗೆಗೆ ಕೂತರು. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. 1994ರಲ್ಲಿ ತೀರಿಕೊಳ್ಳುವವರೆಗೂ ಮಲೆನಾಡಿನ ಒಳಮನೆ, ಅಡಿಗೆಮನೆ, ಬಾಣಂತಿ ಕೋಣೆಗಳಲ್ಲಿ ಹೆಂಗಸರು ಆಡಿಕೊಳ್ಳುವ ಮಾತನ್ನು ಕಾಗದದ ಮೇಲಿಳಿಸುತ್ತಲೇ ಇದ್ದರು. 'ಫಣಿಯಮ್ಮ' ಬರೀ ಕಲ್ಪನೆಯ ಕಥೆಯಲ್ಲ. ಫಣಿಯಮ್ಮ ಲೇಖಕಿಯ ಬಳಗಕ್ಕೇ ಸೇರಿದ ಹಿರಿಯಜ್ಜಿ. ಆಕೆ ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿಕೊಂಡದ್ದು, ತಾಯಿ ಮಗಳಿಗೆ ಹೇಳಿದ್ದು. ಆಕೆಯ ಕಾಲ 1840ರಿಂದ 1952ರವರೆಗೆ, ಅಂದರೆ ಒಟ್ಟು 112 ವರ್ಷ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಒಂಬತ್ತು ವರ್ಷದ ಹುಡುಗಿಗೆ ಮದುವೆಯಾಗುತ್ತದೆ. ಗಂಡ ಎನ್ನಿಸಿಕೊಂಡ ಹುಡುಗ ಹಾವು ಕಚ್ಚಿ ತೀರಿಕೊಳ್ಳುತ್ತಾನೆ. ಮದುವೆಯೆಂದರೇನು ಎಂದೇ ತಿಳಿಯದ ಮಗು ವಿಧವೆಯಾಗುತ್ತದೆ. ಮೈನೆರೆದ ಮೇಲೆ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷದ ಮಡಿಯ ಬಾಳು.

ನಾವು ಕೇಳಬೇಕಾದ್ದು ಇಷ್ಟು: ಒಂಬತ್ತು ವರ್ಷದ ಫಣಿ ಎಂಬ ಹುಡುಗಿ 'ಮಡಿ ಹೆಂಗಸು' ಆದದ್ದು ಹೇಗೆ? ಗಂಡ ಸತ್ತದ್ದರಿಂದ ಎಂದರೆ ಸಾಲದು. ಅವನು ಸತ್ತದ್ದು ಒಂದೇ ದಿನ. ಅವಳನ್ನು ಮಡಿ ಹೆಂಗಸನ್ನಾಗಿ ಮಾಡುವ ಕೆಲಸ ವರ್ಷಗಟ್ಟಲೆ, ದಿನವೂ, ಮನೆಯವರೆಲ್ಲ ಸೇರಿ ನಡೆಸಿದ್ದು. ಇಂದಿರಾ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ, ತೋರಿಸುತ್ತಾ ಹೋಗುತ್ತಾರೆ. ಬಳೆ ಹೋಯಿತು, ಕುಂಕುಮ ಹೋಯಿತು, ಕೂದಲು ಹೋಯಿತು. ಉಡುವ ಬಟ್ಟೆ ಯಾವುದು, ಉಣ್ಣುವುದು ಎಷ್ಟು ಹೊತ್ತು, ಮಲಗುವುದು ಎಲ್ಲಿ, ಯಾರ ಕಣ್ಣಿಗೆ ಯಾವ ಹೊತ್ತಿನಲ್ಲಿ ಬೀಳಬಾರದು ಎಂಬುದೆಲ್ಲ ಗೊತ್ತಾಯಿತು. ಇದನ್ನು ಮಾಡಿದವರು ರಾಕ್ಷಸರಲ್ಲ. ಅವಳಿಗಾಗಿ ಅತ್ತವರೇ, ಅವಳನ್ನು ಎತ್ತಿ ಆಡಿಸಿದವರೇ. ಈ ಪುಸ್ತಕದಲ್ಲಿ ನಮಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ ಸಂಗತಿ ಇದೇ. ಖಳನಾಯಕನೊಬ್ಬನಿದ್ದರೆ ಅವನನ್ನು ಬೈದು ಪುಸ್ತಕ ಮುಚ್ಚಿಡಬಹುದಿತ್ತು. ಇಲ್ಲಿ ಅಪ್ಪ-ಅಮ್ಮನ ಪ್ರೀತಿಯೂ ಶಾಸ್ತ್ರದ ಕೈಯಾಳಾಗುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಅಮಂಗಳೆ ಎಂದು ಮದುವೆಯ ಮಂಟಪದಿಂದ ದೂರವಿಟ್ಟ ಹೆಂಗಸಿನ ಕೈಯೇ ಆ ಮದುವೆಯ ಅಡಿಗೆಗೆ ಬೇಕು. ಹಪ್ಪಳ ಸಂಡಿಗೆಗೆ ಅವಳು, ದೇವರ ಹೂಬತ್ತಿಗೆ ಅವಳು, ಬಾಣಂತನಕ್ಕೆ ಅವಳು, ಕಾಯಿಲೆಯವರ ಆರೈಕೆಗೆ ಅವಳು. ದೊಡ್ಡ ಕೂಡುಕುಟುಂಬಗಳಲ್ಲಿ ಸಂಬಳವಿಲ್ಲದೆ, ಸ್ವಂತದ್ದೆಂಬುದು ಏನೂ ಇಲ್ಲದೆ, ಒಪ್ಪೊತ್ತು ಊಟಕ್ಕೆ ದುಡಿಯುವ ಇಂಥ ಕೈಗಳು ಇದ್ದದ್ದರಿಂದಲೇ ಉಳಿದವರ ಹಬ್ಬಹರಿದಿನ ಸಾಂಗವಾಗಿ ನಡೆದವು. ಮಡಿ ಎಂದರೆ ಬರೀ ನಂಬಿಕೆ ಎಂದುಕೊಂಡರೆ ಅರ್ಧವನ್ನಷ್ಟೇ ಕಂಡಂತೆ. ಅದರಿಂದ ಮನೆಗೆ ಲಾಭವೂ ಇತ್ತು.

ಕಾನೂನು ಏನು ಮಾಡುತ್ತಿತ್ತು ಎಂದು ಯಾರಾದರೂ ಕೇಳಬಹುದು. ವಿಧವಾ ವಿವಾಹಕ್ಕೆ ಅವಕಾಶ ಕೊಟ್ಟ ಬ್ರಿಟಿಷ್ ಸರ್ಕಾರದ ಕಾಯಿದೆ ಬಂದದ್ದು 1856ರಲ್ಲಿ. ಆಗ ಫಣಿಯಮ್ಮನಿಗೆ 16 ವರ್ಷ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಆಗ ಆಕೆಗೆ 54. ಒಂಬತ್ತಕ್ಕೆ ಮದುವೆಯಾದವಳಿಗೆ ಆ ನಿಯಮ ಮೊದಲೇ ಬಂದಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ! ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ 1929ರದು. ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ ಮೈಸೂರು ಕಾನೂನು ಮಾಡಿದ್ದು 1933ರಲ್ಲಿ. ಅಷ್ಟು ಹೊತ್ತಿಗೆ ಆಕೆಗೆ 93. ಕಾನೂನುಗಳೆಲ್ಲ ಒಂದೊಂದಾಗಿ ಬಂದವು. ತೀರ್ಥಹಳ್ಳಿ ಸೀಮೆಯ ಆ ಒಳಮನೆಯಲ್ಲಿ ಅವಳ ದಿನಚರಿ ಮಾತ್ರ ಬದಲಾಗಲಿಲ್ಲ. ಕಾನೂನಿಗಿಂತ ಗಟ್ಟಿಯಾದದ್ದು 'ನಾಲ್ಕು ಜನ ಏನಂತಾರೆ' ಎಂಬ ಮಾತು.

ಕನ್ನಡ ಕಾದಂಬರಿ ಈ ವಿಷಯವನ್ನು ಮೊದಲಿನಿಂದಲೂ ಬಿಟ್ಟಿಲ್ಲ. ನಮ್ಮ ಮೊದಲ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ, ಗುಲ್ವಾಡಿ ವೆಂಕಟರಾಯರ 1899ರ 'ಇಂದಿರಾಬಾಯಿ'ಯ ನಾಯಕಿ ಎಳೆಯ ವಿಧವೆ. ಅವಳು ಮನೆ ಬಿಟ್ಟು ಹೊರಬಂದು, ಓದಿ, ಮರುಮದುವೆಯಾಗುತ್ತಾಳೆ. ಭೈರಪ್ಪನವರ 'ವಂಶವೃಕ್ಷ'ದ (1965) ಕಾತ್ಯಾಯನಿ ಮರುಮದುವೆಯಾಗಿ, ಬಿಟ್ಟುಬಂದ ಮಗನ ಕೊರಗಿನಲ್ಲಿ, ಗರ್ಭ ನಿಲ್ಲದೆ, ಕೊನೆಗೆ ಪ್ರಾಣವನ್ನೇ ಬಿಡುತ್ತಾಳೆ. ಕಾರಂತರ 'ಮೂಕಜ್ಜಿಯ ಕನಸುಗಳು' (1968) ಕೃತಿಯ ಅಜ್ಜಿಯೂ ಬಾಲವಿಧವೆ. ಆದರೆ ಕಾರಂತರು ಆಕೆಗೆ ಸಾವಿರಾರು ವರ್ಷದ ಹಿಂದಿನದನ್ನು ಕಾಣುವ ಕಣ್ಣು ಕೊಟ್ಟು, ಶಾಸ್ತ್ರವನ್ನೇ ಪ್ರಶ್ನಿಸುವ ಬಾಯಿ ಕೊಟ್ಟರು. ಒಬ್ಬಳು ತಪ್ಪಿಸಿಕೊಂಡಳು, ಒಬ್ಬಳು ಮುರಿದುಹೋದಳು, ಒಬ್ಬಳು ದಾರ್ಶನಿಕಳಾದಳು. ಫಣಿಯಮ್ಮ ಸಂತಳಾದಳು. ಸಾಮಾನ್ಯ ಹೆಂಗಸಾಗಿ, ಮೂಗಿನ ಮೇಲೆ ಕೋಪ, ಮನಸ್ಸಿನಲ್ಲಿ ಆಸೆ ಇಟ್ಟುಕೊಂಡು, ತನ್ನ ಪಾಡಿಗೆ ತಾನು ಬದುಕುವ ವಿಧವೆ ಮಾತ್ರ ಇವರಲ್ಲಿ ಒಬ್ಬಳೂ ಇಲ್ಲ. (ಸಿನಿಮಾಪ್ರಿಯರಿಗೊಂದು ಮಾತು: 'ವಂಶವೃಕ್ಷ' ಚಿತ್ರದ ಕಾತ್ಯಾಯನಿಯೂ 'ಫಣಿಯಮ್ಮ' ಚಿತ್ರದ ಫಣಿಯಮ್ಮನೂ ಒಬ್ಬರೇ, ಎಲ್.ವಿ. ಶಾರದಾ. ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿದರೆ ಒಂದೇ ಮುಖಕ್ಕೆ ಸಮಾಜ ಕೊಟ್ಟ ಎರಡು ಬಾಳು ಎದುರೆದುರು ನಿಲ್ಲುತ್ತವೆ.)

ಇನ್ನು ನಮಗೆ ಒಪ್ಪಿಗೆಯಾಗದ ಭಾಗಕ್ಕೆ ಬರೋಣ. ಫಣಿಯಮ್ಮ ಒಂದು ರಾತ್ರಿ ಕದ್ದುಮುಚ್ಚಿ ಸೇರಿದ ಗಂಡು-ಹೆಣ್ಣನ್ನು ಅಕಸ್ಮಾತ್ತಾಗಿ ಕಾಣುತ್ತಾಳೆ. ಅವಳಿಗೆ ಹೇಸಿಗೆಯಾಗುತ್ತದೆ. ದೇಹದ ಸುಖದ ಬಗ್ಗೆ ಅವಳಿಗಿರಬಹುದಾದ ಕುತೂಹಲ ಅಲ್ಲಿಗೇ ಮುಗಿಯುತ್ತದೆ. ಲೇಖಕಿ ಇದನ್ನು ಅವಳ ವೈರಾಗ್ಯದ ಮೂಲವೆಂಬಂತೆ ಬರೆದಿದ್ದಾರೆ. ಆದರೆ ಆ ಹೇಸಿಗೆ ಅವಳ ಸ್ವಂತದ್ದೇ? ಚಿಕ್ಕಂದಿನಿಂದ ನಿನ್ನ ಮೈ ಅಮಂಗಳ, ನಿನ್ನ ಕೂದಲು ಪಾಪ ಎಂದು ಕೇಳಿಸಿಕೊಂಡು ಬೆಳೆದವಳು ಬೇರೆ ಯಾವ ಕಣ್ಣಿನಿಂದ ಅದನ್ನು ನೋಡಲು ಸಾಧ್ಯವಿತ್ತು? ಹೊರಗಿನಿಂದ ಹೇರಿದ್ದು ಒಳಗಿನಿಂದಲೇ ಹುಟ್ಟಿದಂತೆ ಕಾಣುವುದು ಇಲ್ಲಿಯೇ. ಲೇಖಕಿ ಒಂದು ಗಳಿಗೆ ಇಲ್ಲಿ ನಿಂತು ಯೋಚಿಸಿದ್ದರೆ ಚೆನ್ನಾಗಿತ್ತು. ನಿಲ್ಲದೆ ಮುಂದೆ ಹೋದರು. ಅಷ್ಟೇ ಅಲ್ಲ, ಇಷ್ಟು ದೀರ್ಘವಾದ ಆಯುಷ್ಯದಲ್ಲಿ ಫಣಿಯಮ್ಮ ತನ್ನ ಪಾಲಿಗೆ ಬಂದದ್ದಕ್ಕೆ ಯಾರ ಮೇಲೂ ಸಿಡಿಯುವುದಿಲ್ಲ. ಓದುಗರು ಇದನ್ನು ಸಹನೆ ಎನ್ನುತ್ತಾರೆ. ಕೋಪ ಮಾಡಿಕೊಳ್ಳಲು ತಾನೊಬ್ಬ ಮನುಷ್ಯಳು ಎಂಬ ಅರಿವು ಬೇಕು; ಅದನ್ನೇ ಅವಳಿಂದ ಕಿತ್ತುಕೊಂಡಿದ್ದರು ಎಂದು ನಮಗೆ ಅನ್ನಿಸುತ್ತದೆ.

ಆದರೂ ಇಂದಿರಾ ದೊಡ್ಡ ಲೇಖಕಿ ಎನ್ನುವುದಕ್ಕೆ ಇದೇ ಪುಸ್ತಕದಲ್ಲಿ ಎರಡು ಪುರಾವೆಗಳಿವೆ. ಒಂದು, ಹೆರಿಗೆಯಾಗದೆ ಒದ್ದಾಡುವ ಸಿಂಕಿ ಎಂಬ ಅಸ್ಪೃಶ್ಯ ಹೆಂಗಸಿನ ಪ್ರಸಂಗ. ನೆರಳು ಸೋಕಿದರೆ ಸ್ನಾನ ಮಾಡಬೇಕಾದ ಮಡಿ ಹೆಂಗಸು ಹೋಗಿ ತನ್ನ ಕೈಯಿಂದಲೇ ಹೆರಿಗೆ ಮಾಡಿಸುತ್ತಾಳೆ. ಇನ್ನೊಂದು, ದಾಕ್ಷಾಯಿಣಿಯ ಪ್ರಸಂಗ. ಅವಳೂ ಎಳೆಯ ವಿಧವೆ. ತಲೆ ಬೋಳಿಸಿಕೊಳ್ಳಲು ಖಡಾಖಂಡಿತವಾಗಿ ಒಪ್ಪುವುದಿಲ್ಲ. ಮುಂದೆ ಗಂಡನ ಸೋದರನಿಂದಲೇ ತಾಯಿಯೂ ಆಗುತ್ತಾಳೆ. ಊರೆಲ್ಲ ಬಾಯಿಗೆ ಬಂದಂತೆ ಆಡುವಾಗ ದಾಕ್ಷಾಯಿಣಿಯ ಪರವಾಗಿ ನಿಲ್ಲುವವಳು ಫಣಿಯಮ್ಮ. ತನಗಾದದ್ದು ಈ ಹುಡುಗಿಗೆ ಆಗಬಾರದು ಎಂಬುದು ಆಕೆಯ ನಿಲುವು.

ಕಾದಂಬರಿಯ ಜೀವ ಇರುವುದು ಇಲ್ಲಿ. ಫಣಿಯಮ್ಮ ನಿಯಮವನ್ನು ಮೀರಿದ್ದು ಬೇರೆಯವರಿಗಾಗಿ. ತನಗಾಗಿ ಒಂದು ಸಲವೂ ಇಲ್ಲ. ಆದರೆ ತಾನು ಆಚರಿಸಿದ್ದೇ ಧರ್ಮವೆಂದು ಅವಳು ನಂಬಿದ್ದರೆ ದಾಕ್ಷಾಯಿಣಿಗೂ ಅದನ್ನೇ ಬೋಧಿಸಬೇಕಿತ್ತು. ಹಾಗೆ ಮಾಡಲಿಲ್ಲ. ಅಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಅವಳನ್ನು ದೇವತೆ ಎನ್ನುವ ನಾವು ಅವಳ ಸಾಕ್ಷ್ಯವನ್ನೇ ಕೇಳಿಸಿಕೊಂಡಿಲ್ಲ. ಅವಳ ತ್ಯಾಗವನ್ನು ಹೊಗಳಿದಷ್ಟೂ ಆ ತ್ಯಾಗವನ್ನು ಅವಳಿಂದ ಕೇಳಿದವರು ಪಾರಾಗುತ್ತಾರೆ.

ಇದೇ ಲೇಖಕಿಯ 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲರ ಸಿನಿಮಾದ ಮೂಲಕ ಹೆಚ್ಚಿನವರು ಬಲ್ಲರು. ಕಲ್ಪನಾ ಮಾಡಿದ ಚಂದ್ರಾ ಎಂಬ ಹುಡುಗಿಗೆ ಬೇಕಾದದ್ದು ಎಲ್ಲರಂತೆ ಮದುವೆ, ಮನೆ. ಆದರೆ ಅವಳು ಇಂಥವಳ ಮಗಳು ಎಂಬುದನ್ನು ಊರು ಮರೆಯುವುದಿಲ್ಲ. ಫಣಿಯಮ್ಮನಿಗೆ ತಾಳಿ ಕಟ್ಟಿ ಕಿತ್ತುಕೊಂಡರು, ಚಂದ್ರಾಳಿಗೆ ತಾಳಿಯನ್ನೇ ಕಟ್ಟಗೊಡಲಿಲ್ಲ. ಎರಡು ಕಡೆಯೂ ಹುಡುಗಿ ಯಾರು ಎಂಬುದನ್ನು ಅವಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸಿದರು. ಎರಡನ್ನೂ ಒಟ್ಟಿಗೆ ಓದಿದರೆ ಇಂದಿರಾ ಜೀವಮಾನವಿಡೀ ಕೇಳುತ್ತಿದ್ದ ಪ್ರಶ್ನೆ ಯಾವುದೆಂದು ತಿಳಿಯುತ್ತದೆ.

ಇದೆಲ್ಲ ಹಳೆಯ ಕಾಲದ ಮಾತು, ಈಗ ಯಾರು ತಲೆ ಬೋಳಿಸುತ್ತಾರೆ ಎಂದು ನಮ್ಮ ಸದಸ್ಯರು ಕೇಳಬಹುದು. ನಿಜ, ಬೋಳಿಸುವುದಿಲ್ಲ. ಆದರೆ ಸಮುದ್ರ ದಾಟಿ ಬಂದ ನಮ್ಮ ಮನೆಗಳಲ್ಲೂ ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿ ವ್ರತಕ್ಕೆ ಕರೆಯುವ ಪಟ್ಟಿ ತಯಾರಾಗುವಾಗ ಕೆಲವು ಹೆಸರುಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಯಾರೂ ಬೇಕೆಂದು ಬಿಡುವುದಿಲ್ಲ. "ಅವರಿಗೇ ಮುಜುಗರ ಆಗಬಾರದು ಅಂತ" ಎನ್ನುತ್ತೇವೆ. ಅರಿಶಿನ-ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತಾ ಬರುತ್ತಾ ಒಬ್ಬರ ಮುಂದೆ ಅರೆಗಳಿಗೆ ತಡೆದು ಪಕ್ಕದವರ ಕಡೆಗೆ ಹೋಗುತ್ತದೆ. ಅದೇ ಹೆಂಗಸನ್ನು ಕೂಟದ ಊಟಕ್ಕೆ ನೂರು ಜನರ ಬಿಸಿಬೇಳೆಭಾತ್ ಮಾಡಲು ಕೇಳುವಾಗ ಮಾತ್ರ ನಮಗೆ ಯಾವ ಮುಜುಗರವೂ ಇರುವುದಿಲ್ಲ. "ಪಾಪ, ಎಷ್ಟು ದುಡೀತಾರೆ, ಒಂದು ಮಾತಾಡೋರಲ್ಲ" ಎಂದು ಹೊಗಳುತ್ತೇವೆ. ಫಣಿಯಮ್ಮನ ಊರಿನವರೂ ಇದನ್ನೇ ಹೇಳುತ್ತಿದ್ದರು.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಹೆಣ್ಣುಮಕ್ಕಳು ಆ ತಟ್ಟೆ ತಡೆದದ್ದನ್ನು ನೋಡುತ್ತಿರುತ್ತಾರೆ. ಕನ್ನಡ ಕಲಿಸುವುದೆಂದರೆ ಅಕ್ಷರಮಾಲೆ ಕಲಿಸುವುದು, ಹಾಡು ಹೇಳಿಸುವುದು ಎಂದು ನಾವು ತಿಳಿದಿದ್ದೇವೆ. ಮಕ್ಕಳು ನಮ್ಮಿಂದ ಕಲಿಯುವ ಸಂಸ್ಕೃತಿಯಲ್ಲಿ ಈ ತಡೆದ ತಟ್ಟೆಯೂ ಸೇರಿದೆ. ಅದರ ಅರ್ಥವೇನೆಂದು ಅವರು ಕೇಳಿದರೆ 'ಅದು ಪದ್ಧತಿ' ಎಂಬುದಕ್ಕಿಂತ ಹೆಚ್ಚಿನ ಉತ್ತರ ನಮ್ಮ ಹತ್ತಿರ ಇದೆಯೇ?

ಹಬ್ಬ ಬಿಡಿ, ಕುಂಕುಮ ಬಿಡಿ ಎಂದು ನಾವು ಹೇಳುತ್ತಿಲ್ಲ. ಪದ್ಧತಿಯಲ್ಲಿ ಚೆಂದವಿದೆ, ಊರಿನ ನೆನಪಿದೆ. ತಟ್ಟೆ ಎಲ್ಲರ ಮುಂದೆಯೂ ಒಂದೇ ರೀತಿ ನಿಲ್ಲಲಿ. ತೆಗೆದುಕೊಳ್ಳುವುದು ಬಿಡುವುದು ಅವರವರ ಇಷ್ಟ ಎನ್ನುವುದಷ್ಟೇ ನಮ್ಮ ಮಾತು. ದಾಕ್ಷಾಯಿಣಿ ಕೇಳಿದ್ದೂ ಇಷ್ಟನ್ನೇ. ಫಣಿಯಮ್ಮ ಅವಳ ಪರವಾಗಿ ವಾದಿಸಿದ್ದೂ ಇಷ್ಟಕ್ಕೇ.

ಪುಸ್ತಕ ದೊಡ್ಡದಲ್ಲ, ಒಂದೆರಡು ಸಂಜೆಯಲ್ಲಿ ಮುಗಿಯುತ್ತದೆ. ಗಂಡಸರೂ ಓದಬೇಕೆಂದು ವಿಶೇಷವಾಗಿ ಕೋರುತ್ತೇವೆ. ಓದಿದ ಮೇಲೆ ನಮ್ಮ ಅಭಿಪ್ರಾಯ ತಪ್ಪೆನ್ನಿಸಿದರೆ ಸಂಕೋಚವಿಲ್ಲದೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗವಿಟ್ಟಿರುತ್ತೇವೆ.