ರಾಣಿಗಳಿಲ್ಲದ ಕಾಳಗ: ಬರ್ಲಿನ್ ರಕ್ಷಣೆಯನ್ನು ನೋಡುವ ಬಗೆ

ಚೆಸ್ಸಿನ ಬರ್ಲಿನ್ ರಕ್ಷಣೆ ಎಂಬ ಓಪನಿಂಗ್‌ನ ಮುಖ್ಯ ಸಾಲಿನಲ್ಲಿ ಎಂಟನೇ ನಡೆಗೇ ಎರಡೂ ರಾಣಿಗಳು ಹಲಗೆ ಬಿಟ್ಟಿರುತ್ತವೆ. ಕಪ್ಪು ರಾಜ ಡಿ8ರಲ್ಲಿ ನಿಂತು ಕ್ಯಾಸ್ಲಿಂಗ್ ಹಕ್ಕು ಕಳೆದುಕೊಂಡಿರುತ್ತಾನೆ. ರಾಣಿಯನ್ನು ಬಲಿಕೊಟ್ಟು ಮೇಟ್ ಮಾಡುವುದೇ ಚೆಸ್ಸಿನ ಸೊಬಗೆಂದು ನಂಬಿದ ಪ್ರೇಕ್ಷಕ ಇಲ್ಲಿಗೆ ಎದ್ದುಹೋಗುತ್ತಾನೆ. ಆಟದ ತಿರುಳು ಶುರುವಾಗುವುದೇ ಇಲ್ಲಿಂದ.

ಮೊದಲು ಕಾಲಾಳುಗಳನ್ನು ಎಣಿಸಬೇಕು. ರಾಜನ ಕಡೆ ಬಿಳಿಗೆ ನಾಲ್ಕು, ಕಪ್ಪಿಗೆ ಮೂರು. ಇನ್ನೊಂದು ಕಡೆ ಕಪ್ಪಿಗೆ ನಾಲ್ಕಿದ್ದರೂ ಎರಡು ಸಿ ಸಾಲಿನಲ್ಲೇ ಹಿಂದೆ ಮುಂದೆ ನಿಂತಿರುವುದರಿಂದ ಆ ಹೆಚ್ಚಳ ಸುಲಭಕ್ಕೆ ಒದಗದು. ಮಿಕ್ಕ ಕಾಯಿಗಳೆಲ್ಲ ಹೊಡೆದಾಡಿ ಹೋದರೆ ಸಾಮಾನ್ಯವಾಗಿ ಬಿಳಿಯೇ ಗೆಲ್ಲುತ್ತದೆ. ಅದಕ್ಕೆ ಪ್ರತಿಯಾಗಿ ಕಪ್ಪಿಗೆ ಜೋಡಿ ಒಂಟೆಗಳ ಬಲವಿದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಣ್ಣು ನೆಡಬೇಕಾದದ್ದು ಇ5ರ ಬಿಳಿ ಕಾಲಾಳಿನ ಮೇಲೆ. ಬಿಳಿಗೆ ಜಾಗ ಗೆದ್ದುಕೊಡುವುದು ಅದೇ. ಆದರೆ ಅದು ಮುಂದೆ ಬಂದದ್ದರಿಂದಲೇ ಇ6, ಎಫ್5 ಮನೆಗಳು ಕಪ್ಪಿನ ಕುದುರೆ, ಒಂಟೆಗಳಿಗೆ ನೆಲೆಯಾಗುತ್ತವೆ. 2000ದ ಅಕ್ಟೋಬರ್ 8ರಂದು ಲಂಡನ್ನಿನಲ್ಲಿ ಕ್ಯಾಸ್ಪರೋವ್ ವಿರುದ್ಧ ಕ್ರಾಮ್ನಿಕ್ ಆಡಿದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟ ಇದಕ್ಕೆ ಅತ್ಯುತ್ತಮ ಪಾಠ. ಕಪ್ಪು ರಾಜ ಸಿ8ಕ್ಕೆ ಸರಿಯುತ್ತಾನೆ. ಎಫ್5ರ ಕುದುರೆ ಇ7ರ ಮೂಲಕ ಜಿ6ಕ್ಕೆ ಹೋಗಿ ಇ5ಕ್ಕೆ ಗುರಿಯಿಡುತ್ತದೆ. ಅಂಚಿನ ಕಾಲಾಳು ಎಚ್4ರವರೆಗೆ ನಡೆಯುತ್ತದೆ. ಈ ಪುಟ್ಟ ನಡೆಯಲ್ಲೇ ಇಡೀ ಆಟದ ಜಾಣ್ಮೆ ಅಡಗಿದೆ: ಇನ್ನು ಬಿಳಿ ಕಾಲಾಳು ಜಿ4ಕ್ಕೆ ಜಿಗಿದರೆ ಆನ್ ಪಾಸಾಂಟ್ ಹೊಡೆತ ಕಾದಿರುತ್ತದೆ. ಆನೆ ಎಚ್5ಕ್ಕೆ ಏರಿ, ಅಡ್ಡಸಾಲಿನ ಉದ್ದಕ್ಕೂ ಮತ್ತೆ ಇ5ರ ಮೇಲೇ ಕಣ್ಣಿಡುತ್ತದೆ. 25ನೇ ನಡೆಯಲ್ಲಿ ಕುದುರೆ ನಿರಾತಂಕವಾಗಿ ಎಫ್5ಕ್ಕೆ ಮರಳುತ್ತದೆ, ಆಟ ಡ್ರಾ. ಇದರಲ್ಲಿ ಏನೂ ನಡೆಯಲಿಲ್ಲ ಎನ್ನುವವರು ಹೊಡೆದ ಕಾಯಿಗಳನ್ನಷ್ಟೇ ಲೆಕ್ಕ ಹಾಕಿದವರು.

1985ರಿಂದ ಚಾಂಪಿಯನ್ ಆಗಿದ್ದ ಕ್ಯಾಸ್ಪರೋವ್ ಆ ಪಂದ್ಯದಲ್ಲಿ ಬರ್ಲಿನ್ ರಕ್ಷಣೆಯನ್ನು ನಾಲ್ಕು ಬಾರಿ ಎದುರಿಸಿದರು, ನಾಲ್ಕೂ ಡ್ರಾ. ಒಂದೂ ಆಟ ಗೆಲ್ಲದೆ 6.5–8.5ರಿಂದ ಪಟ್ಟ ಕಳೆದುಕೊಂಡರು. ಹತ್ತೊಂಬತ್ತನೇ ಶತಮಾನದಿಂದಲೂ ಗೊತ್ತಿದ್ದ ಈ ಓಪನಿಂಗ್‌ಗೆ ‘ಬರ್ಲಿನ್ ಗೋಡೆ’ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ.

ಈ ಗೋಡೆ ಬಿರುಕು ಬಿಡುವುದನ್ನು ನೋಡಲು 2014ರಲ್ಲಿ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಹನ್ನೊಂದನೇ ಆಟವಿದೆ. ಕಪ್ಪು ಕಾಯಿ ಹಿಡಿದ ಆನಂದ್ 23ನೇ ನಡೆಯಲ್ಲಿ ಕಾಲಾಳನ್ನು ಬಿ5ಕ್ಕೆ ದೂಡಿ ಕಾರ್ಲ್‌ಸನ್‌ರನ್ನು ಇಕ್ಕಟ್ಟಿಗೆ ತಳ್ಳಿದ್ದರು. ನಾಲ್ಕೇ ನಡೆಗಳ ನಂತರ ಆನೆಯನ್ನು ಬಿ4ಕ್ಕಿಟ್ಟು ಒಂಟೆಗೆ ಒಪ್ಪಿಸಿದರು. ಆ ಅವಸರಕ್ಕೆ ಆಟವೂ ಪಂದ್ಯವೂ ಕೈಬಿಟ್ಟವು.