ಕೆಂಪು ತ್ರಿಕೋಣದ ಸಾಕ್ಷ್ಯ

ಹಳೆಯ ಜಾಹೀರಾತುಗಳನ್ನು ಕೂಡಿಡುವುದು ಬರಿಯ ಹವ್ಯಾಸವೆಂದೂ, ಅದರಲ್ಲಿಯೂ ಬೀರಿನ ಜಾಹೀರಾತುಗಳು ಸಜ್ಜನರ ಲಕ್ಷ್ಯಕ್ಕೆ ಅರ್ಹವಲ್ಲವೆಂದೂ ಭಾವಿಸುವವರುಂಟು. ಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆ ತಗಡುಗಳನ್ನು ಓದಬೇಕಾದ ಬಗೆ ಯಾವುದೆಂಬುದೇ ಇಲ್ಲಿಯ ವಿಚಾರ.

ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾಸ್ ಸಂಸ್ಥೆಯ ಕೆಂಪು ತ್ರಿಕೋಣವನ್ನು ತೆಗೆದುಕೊಳ್ಳೋಣ. 1876ರಲ್ಲಿ ಬ್ರಿಟನ್ನಿನ ವ್ಯಾಪಾರಮುದ್ರೆಗಳ ದಾಖಲೆಯಲ್ಲಿ ಮೊದಲನೆಯದಾಗಿ ನೋಂದಣಿಯಾದುದು ಇದೇ. ಚಿತ್ರವಾಗಿ ಇದರ ಗುಣವೆಂದರೆ ಮಿತತ್ವ. ಅಕ್ಷರವರಿಯದವನೂ ದೂರದಿಂದಲೇ ಗುರುತಿಸಬಲ್ಲನು. ಫ್ರೆಂಚ್ ಚಿತ್ರಕಾರ ಮಾನೆಯು 1882ರಲ್ಲಿ ಪ್ರದರ್ಶಿಸಿದ ಫೋಲೀ-ಬೆರ್ಜೇರ್ ಪಾನಗೃಹದ ಚಿತ್ರದಲ್ಲಿಯೂ ಈ ಗುರುತಿನ ಸೀಸೆಗಳು ಕಾಣುತ್ತವೆ. ವರ್ತಕನ ಮುದ್ರೆ ಕಲಾವಿದನ ಪಟವನ್ನೇರಿತು.

ಆದರೆ ಇದರ ದೋಷವೂ ಆ ಮಿತತ್ವದಲ್ಲಿಯೇ ಅಡಗಿದೆ. ತ್ರಿಕೋಣವು ಒಡೆಯನನ್ನು ಸಾರುತ್ತದೆ, ಊರನ್ನು ಮರೆಸುತ್ತದೆ. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ಮಿನ ಅಂಶ ಹೇರಳವಾಗಿದ್ದುದೇ ಅಲ್ಲಿಯ ತಿಳಿಬಣ್ಣದ ಬೀರಿನ ಖ್ಯಾತಿಗೆ ಮೂಲ. 1822ರಲ್ಲಿ ರಷ್ಯಾ ವಿಧಿಸಿದ ಭಾರೀ ಸುಂಕದಿಂದ ಉತ್ತರದ ವ್ಯಾಪಾರ ಕೆಡಲು, ಅಲ್ಲಿಯ ವರ್ತಕರು ಹಿಂದೂದೇಶದತ್ತ ಮುಖಮಾಡಿದರು. 1839ರಲ್ಲಿ ರೈಲುದಾರಿ ಬಂದಿತು. 1868ರಲ್ಲಿ ತೆರೆದ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ನೆಲಮಾಳಿಗೆಯ ಕಂಬಗಳ ಅಂತರವನ್ನು ಬರ್ಟನ್ನಿನ ಪೀಪಾಯಿಗಳಿಗೆ ಹೊಂದುವಂತೆ ನಿಶ್ಚಯಿಸಿದರು. ಪೂರ್ವ ಇಂಗ್ಲೆಂಡಿನ ಹೊಲದ ಕೂಲಿಗಳು ಸುಗ್ಗಿ ಮುಗಿಸಿ ಪ್ರತಿ ಚಳಿಗಾಲವೂ ಇಲ್ಲಿಗೆ ಬಂದು, ಬಾರ್ಲಿಯನ್ನು ಮೊಳೆಯಿಸುವ ಮನೆಗಳಲ್ಲಿ ದುಡಿದು ಹಿಂದಿರುಗುತ್ತಿದ್ದರು. ಫಲಕದ ಮೇಲೆ ಇವರಾರೂ ಇಲ್ಲ.

ಈ ಕೊರತೆಯನ್ನು ತುಂಬಬೇಕಾದವನು ಸಂಗ್ರಾಹಕನು. ಆದರೆ ಪೇಟೆಯ ರುಚಿ ಬೇರೆ. ಎನಾಮಲ್ ಎಂಬುದು ಕಬ್ಬಿಣದ ಹಾಳೆಯ ಮೇಲೆ ಕರಗಿಸಿದ ಗಾಜು. ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ. ಚಕ್ಕೆಯೇಳದ ಫಲಕಕ್ಕೇ ಹೆಚ್ಚಿನ ಬೆಲೆ. ಗೋಡೆಯ ಮೇಲಿದ್ದು ಬಿಸಿಲು ಮಳೆಗಳನ್ನುಂಡುದರ ಗುರುತನ್ನೇ ಕುಂದೆಂದೆಣಿಸುವ ಈ ಅಭಿರುಚಿ ಇತಿಹಾಸಕ್ಕೆ ವಿರೋಧಿಯಾದುದು. ಯಾವ ಬೀದಿಯ ಯಾವ ಗೋಡೆಯಿಂದ ಕಿತ್ತುದೆಂದು ಬರೆದಿಡದ ಫಲಕವು ಒಕ್ಕಣೆ ಅಳಿಸಿದ ಶಾಸನದಂತೆ.

ಬರ್ಟನ್ನಿನಲ್ಲಿ 1977ರಲ್ಲಿ ತೆರೆದ ಬೀರು ತಯಾರಿಕೆಯ ವಸ್ತುಸಂಗ್ರಹಾಲಯವು 2022ರಲ್ಲಿ ಬಾಗಿಲು ಮುಚ್ಚಿತು. ಸಂಸ್ಥೆಗಳೇ ಹೀಗೆ ಅಸ್ಥಿರವಾದಾಗ ಮನೆಮನೆಯ ಸಂಗ್ರಾಹಕರ ಹೊಣೆ ಇಮ್ಮಡಿಯಾಗುತ್ತದೆ. ತಗಡನ್ನು ಉಜ್ಜಿ ಹೊಳೆಯಿಸುವ ಮೊದಲು ಅದರ ಬೆನ್ನಿಗೆ ಊರಿನ ಹೆಸರು ಬರೆದ ಚೀಟಿಯೊಂದನ್ನು ಅಂಟಿಸಿದರೂ ಸಾಕು. ಅದು ಅಲಂಕಾರವಾಗಿ ಉಳಿಯದೆ ಸಾಕ್ಷ್ಯವಾಗುತ್ತದೆ.