ಮಂದ್ರವಾದ್ಯವೂ ಕರ್ತೃತ್ವವೂ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಪ್ರಾಜ್ಞರಿಗೆ ವಿದಿತವಾದ ಸಂಗತಿ. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಕರ್ತೃವು ನೃಪತುಂಗನೋ ಶ್ರೀವಿಜಯನೋ ಎಂಬ ವಿಷಯದಲ್ಲಿ ನಮ್ಮ ವಿದ್ವಾಂಸರು ಬಹುಕಾಲ ಚರ್ಚಿಸಿರುವರು. ದೊರೆಯ ಅನುಮತಿಯುಳ್ಳ ಗ್ರಂಥವು ದೊರೆಯ ಕೃತಿಯೆನಿಸುವುದೇ? ಈ ಪ್ರಶ್ನೆಯು ಕಾವ್ಯಕ್ಕೆ ಮಾತ್ರ ಸೇರಿದುದಲ್ಲ. ಹಲವರು ಕೂಡಿ ನುಡಿಸುವ ಸಂಗೀತದಲ್ಲಿ ಅದು ಇನ್ನೂ ತೊಡಕಾಗುವುದು. ಅಮೆರಿಕದ ಜಾಜ್ ಸಂಗೀತದಲ್ಲಿ ಡಬಲ್ ಬೇಸ್ ವಾದಕನಾಗಿದ್ದ ಚಾರ್ಲ್ಸ್ ಮಿಂಗಸ್ಸನ (೧೯೨೨–೧೯೭೯) ಕೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವು.

ಡಬಲ್ ಬೇಸ್ ಪಿಟೀಲಿನ ಬಳಗದಲ್ಲಿ ಅತ್ಯಂತ ದೊಡ್ಡದು. ಅದರ ನಾಲ್ಕು ತಂತಿಗಳಲ್ಲಿ ಒಂದೊಂದೂ ತನಗಿಂತ ತಗ್ಗಿನ ತಂತಿಗೆ ಶುದ್ಧಮಧ್ಯಮವಾಗಿರುವುದು. ಗೋಷ್ಠಿಯಲ್ಲಿ ಲಯದ ನಡೆಯನ್ನೂ ಸ್ವರಸಮೂಹದ ತಳವನ್ನೂ ಹಿಡಿದಿರುವುದೇ ಅದರ ಕೆಲಸ. ಶ್ರೋತೃಗಳ ಲಕ್ಷ್ಯವೆಲ್ಲ ಮೇಲಿನ ವಾದ್ಯಗಳಲ್ಲಿರುವುದು. ಮಿಂಗಸ್ಸನು ಮೊದಲು ಚೆಲ್ಲೋ ಕಲಿತು ಬಳಿಕ ಈ ವಾದ್ಯಕ್ಕೆ ಬಂದವನು. ೧೯೫೩ರಲ್ಲಿ ಟೊರಾಂಟೊ ನಗರದ ಮ್ಯಾಸೀ ಹಾಲಿನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರೊಡನೆ ನುಡಿಸಿದಾಗ ಅವನದು ಆಧಾರದ ಸ್ಥಾನವೇ.

೧೯೫೬ರ 'ಪಿಥೆಕಾಂಥ್ರೋಪಸ್ ಎರೆಕ್ಟಸ್' ಕೃತಿಯಲ್ಲಿ ಅವನು ಬರೆದ ಸ್ವರಲಿಪಿಯನ್ನು ಕೊಡದೆ, ಪಿಯಾನೋವಿನಲ್ಲಿ ನುಡಿಸಿ ತೋರಿಸಿ, ಕಿವಿಯಿಂದಲೇ ಕಲಿಸಿದನು. ಇದು ನಮ್ಮ ವೇದಪಾಠದ ಸಂತೆಯನ್ನು ನೆನಪಿಗೆ ತರುವುದಾದರೂ ಅಲ್ಲಿ ಶಿಷ್ಯನು ಒಂದಕ್ಷರವನ್ನೂ ವ್ಯತ್ಯಾಸಗೊಳಿಸಲಾಗದು. ಇಲ್ಲಿ ತನ್ನದನ್ನು ಸೇರಿಸದಿದ್ದರೆ ಪಾಠವೇ ಆಗದು. ಹಾಗಾದರೆ ಕೃತಿಯು ನುಡಿಸಿದವರದೇ ಆಯಿತಲ್ಲವೇ ಎಂದು ಪೂರ್ವಪಕ್ಷವು ಏಳುವುದು. ೧೯೬೩ರ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ' ಈ ಪಕ್ಷಕ್ಕೆ ಬಲಕೊಡುವುದು. ಅದರಲ್ಲಿ ಹೃದಯವನ್ನು ಕಲಕುವುದು ಚಾರ್ಲಿ ಮರಿಯಾನೊ ಎಂಬಾತನ ಸ್ಯಾಕ್ಸೊಫೋನು.

ಇದಕ್ಕೆ ಸಮಾಧಾನವು ನಮ್ಮ ನಾಡಿನಿಂದಲೇ ದೊರೆಯುವುದು. ಇಪ್ಪತ್ತು ವರ್ಷಗಳ ಮೇಲೆ, ೧೯೮೩ರಲ್ಲಿ, ಅದೇ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ 'ಜ್ಯೋತಿ'ಯನ್ನು ಧ್ವನಿಮುದ್ರಿಸಿದನು. ಆರ್. ಎ. ರಮಾಮಣಿಯವರ ಗಾಯನ, ಟಿ. ಎ. ಎಸ್. ಮಣಿಯವರ ಮೃದಂಗ; ಡಬಲ್ ಬೇಸಿಲ್ಲ, ಅದರ ಸ್ಥಾನದಲ್ಲಿ ತಂಬೂರಿ. ತಂಬೂರಿಯ ಷಡ್ಜವು ಚಲಿಸದು. ಅದರ ಮೇಲೆ ಮರಿಯಾನೊವಿನ ನುಡಿ ಪ್ರಶಾಂತ. ಮಿಂಗಸ್ಸನ ಮೇಲೆ ಅದೇ ನುಡಿ ಆರ್ತ. ರಾಗಭೇದವೂ ವಯೋಭೇದವೂ ಕಾರಣವೆನ್ನಬಹುದು. ಆದರೆ ಹಿಂದಿನ ಕೃತಿಯಲ್ಲಿ ಅವನು ತನ್ನ ಕೆಲವು ಭಾಗಗಳನ್ನು ಮೊದಲೇ ಮುದ್ರಿತವಾಗಿದ್ದ ಗೋಷ್ಠಿಯ ಮೇಲೆ ನುಡಿಸಿ ಸೇರಿಸಿದನು; ಆದುದರಿಂದ ಅದು ಕೆಳಗಿನಿಂದ ಬಂದ ಪ್ರಶ್ನೆಗೆ ಉತ್ತರವೆಂಬುದು ಸ್ಪಷ್ಟ. ಉತ್ತರವು ಮರಿಯಾನೊವಿನದು, ಪ್ರಶ್ನೆಯು ಮಿಂಗಸ್ಸನದು.

ವಿಪರೀತ ದೃಷ್ಟಾಂತವೂ ಉಂಟು. 'ಎಪಿಟಾಫ್' ಎಂಬ ಲಿಖಿತ ಕೃತಿಯು, ಎರಡು ಗಂಟೆಗೂ ಮಿಕ್ಕಿದುದು, ಮಿಂಗಸ್ಸನು ತೀರಿಕೊಂಡ ಹತ್ತು ವರ್ಷಗಳ ಮೇಲೆ, ೧೯೮೯ರಲ್ಲಿ, ನ್ಯೂಯಾರ್ಕಿನಲ್ಲಿ ಗುಂಥರ್ ಶೂಲರನ ನಿರ್ದೇಶನದಲ್ಲಿ ಸಂಪೂರ್ಣವಾಗಿ ನುಡಿಸಲ್ಪಟ್ಟಿತು. ಅಲ್ಲಿ ಬರಹಗಾರನ ಕರ್ತೃತ್ವವು ಸಂಶಯಾತೀತ. ಆದರೂ ಅದರ ವೈಶಾಲ್ಯವನ್ನು ಮೆಚ್ಚುವ ಸಹೃದಯನಿಗೆ ವಾದಕರನ್ನು ತಳದಿಂದ ಕೆಣಕುವ ಆ ಕೈಯ ಅಭಾವವು ತೋರದಿರದು.

ಆದುದರಿಂದ ಲೇಖನವೊಂದೇ ಕರ್ತೃತ್ವದ ಲಕ್ಷಣವಲ್ಲ, ಅನುಮತಿಯೊಂದೇ ಸಾಲದು. ಪರರ ಪ್ರತಿಭೆಯು ಇಂಥದೇ ಮಾತನ್ನಾಡುವಂತೆ ಮಾಡುವ ಶಕ್ತಿಯೂ ಕರ್ತೃತ್ವವೇ. ನೃಪತುಂಗನಲ್ಲಿ ಅದು ಸಿಂಹಾಸನದಿಂದ ಇಳಿದುಬಂದಿತೋ ಇಲ್ಲವೋ ಎಂಬುದನ್ನು ಗ್ರಂಥದ ಶೈಲಿಯಿಂದಲೇ ನಿರ್ಣಯಿಸಬೇಕು. ಮಿಂಗಸ್ಸನಲ್ಲಿ ಅದು ಮಂದ್ರಸ್ಥಾಯಿಯಿಂದ ಮೇಲೇರಿತು.